ಮಿಶೆಲ್ ಫೌಲರ್‌ಗೆ ಹತ್ತು ವರ್ಷ ಸಿಕ್ಕಿತ್ತು

ಕಾರಿನಿಂದ ಮೊದಲು ಇಳಿದದ್ದು ನಾಯಿ. ರೋಲಿ ಅಂತ ಹೆಸರು, ಮೈತುಂಬ ಗುಂಗುರು ಕೂದಲಿನ ಪೂಡಲ್. ಕಾಲುವೆ ದಂಡೆಯಲ್ಲಿ ಹದಿನಾರರ ಹುಡುಗಿಯೊಬ್ಬಳು ಕಾಯುತ್ತಿದ್ದಳು. ಅವಳು ಬಸುರಿ, ಯಾರಿಂದ ಅಂತ ಬಾಯಿ ಬಿಟ್ಟಿರಲಿಲ್ಲ. ಅಲ್ಲಿಯವರೆಗೂ ಆ ಎಪಿಸೋಡಿನಲ್ಲಿ ಬೀದಿಯ ಗಂಡಸರು ಒಬ್ಬೊಬ್ಬರಾಗಿ ಎಲ್ಲಿಗೋ ಹೊರಡುವುದನ್ನು ತೋರಿಸಿ ತೋರಿಸಿ, ಇವನಾ, ಅವನಾ ಅಂತ ನೋಡುವವರ ತಲೆ ಕೆಡಿಸಿದ್ದರು. ನಾಯಿ ಇಳಿದ ಕೂಡಲೇ ಗುಟ್ಟು ರಟ್ಟಾಯಿತು. ಅದು ಯಾರ ಮನೆಯ ನಾಯಿ ಅನ್ನೋದು ಸೀರಿಯಲ್ ನೋಡುವ ಎಲ್ಲರಿಗೂ ಗೊತ್ತಿತ್ತು. ಹಿಂದೆಯೇ ಬಂದವನು ಡೆನ್ ವಾಟ್ಸ್. ಕ್ವೀನ್ ವಿಕ್ ಅನ್ನುವ ಪಬ್ಬಿನ ಯಜಮಾನ, ಆ ಹುಡುಗಿಯ ಜೀವದ ಗೆಳತಿ ಶ್ಯಾರನ್‌ನ ಸಾಕಪ್ಪ.

ಇದು 1985ರ ಅಕ್ಟೋಬರ್. ಸೀರಿಯಲ್ ಹೆಸರು ಈಸ್ಟ್‌ಎಂಡರ್ಸ್, ಬಿಬಿಸಿಯದು, ಶುರುವಾಗಿ ಎಂಟು ತಿಂಗಳೂ ಆಗಿರಲಿಲ್ಲ. ಹುಡುಗಿ ಮಿಶೆಲ್ ಫೌಲರ್, ನಟಿಸಿದವರು ಸೂಸನ್ ಟಲ್ಲಿ.

ನಾಯಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ನೆನಪಿರುವುದು ಆಮೇಲಿನದ್ದು. ಎಪಿಸೋಡಿನ ಉಳಿದ ದೊಡ್ಡ ಪಾಲು ಅವರಿಬ್ಬರ ಮಾತು, ಅಷ್ಟೇ. ಹಿನ್ನೆಲೆ ಸಂಗೀತದ ಅಬ್ಬರ ಇಲ್ಲ, ಕಪಾಳಕ್ಕೆ ಬಾರಿಸುವುದಿಲ್ಲ, ಮುಖವನ್ನು ಮೂರು ಸಲ ಝೂಮ್ ಮಾಡುವುದಿಲ್ಲ. ಒಬ್ಬ ನಡುವಯಸ್ಸಿನ ಗಂಡಸು, ಒಬ್ಬಳು ಶಾಲೆ ಹುಡುಗಿ, ನೀರಿನ ಪಕ್ಕ. ಕೊನೆಗೆ ತೀರ್ಮಾನ ಅವಳದ್ದೇ. ಮಗು ಬೇಕು, ಅಪ್ಪ ಯಾರು ಅಂತ ಯಾರಿಗೂ ಹೇಳುವುದಿಲ್ಲ. ಆ ಮಾತನ್ನು ಅವಳು ವರ್ಷಗಟ್ಟಲೆ ಉಳಿಸಿಕೊಂಡಳು. ಶ್ಯಾರನ್‌ಗೆ ಅವಳು ಸತ್ಯ ಹೇಳಿದ್ದು 1989ರಲ್ಲಿ.

ನಲವತ್ತು ವರ್ಷ ಹಳೆಯ ಈ ಕಥೆ ಈಗ ಯಾಕೆ ಅಂದರೆ, ಬ್ರಿಟನ್ನಿನಲ್ಲಿ ಇಂಥ ಸೀರಿಯಲ್‌ಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದಾರೆ. ಬಿಬಿಸಿಯ ಮಧ್ಯಾಹ್ನದ ಸೀರಿಯಲ್ ಡಾಕ್ಟರ್ಸ್ 2024ರ ನವೆಂಬರಿನಲ್ಲಿ ಮುಗಿಯಿತು. ಚಾನೆಲ್ 4ರ ಹಾಲಿಓಕ್ಸ್, ಅದು ಹುಡುಗ ಹುಡುಗಿಯರ ಕಥೆಯೇ, ಅದೇ ವರ್ಷ ಸೆಪ್ಟೆಂಬರಿನಲ್ಲಿ ವಾರಕ್ಕೆ ಐದರಿಂದ ಮೂರಕ್ಕೆ ಇಳಿಯಿತು. ಐಟಿವಿಯವರ ಕಾರೊನೇಷನ್ ಸ್ಟ್ರೀಟ್ ಮತ್ತು ಎಮರ್‌ಡೇಲ್ ಎರಡೂ ವಾರಕ್ಕೆ ಮೂರು ಗಂಟೆ ಬರುತ್ತಿದ್ದವು, 2026ರ ಜನವರಿಯಿಂದ ಎರಡೂವರೆ ಗಂಟೆ. ಹೋದರೆ ಹೋಗಲಿ, ಅಳುಮುಂಜಿ ಸೀರಿಯಲ್‌ಗಳು ತಾನೇ, ಅಂತ ಅನ್ನಿಸಬಹುದು. ನನಗೂ ಒಂದು ಕಾಲಕ್ಕೆ ಹಾಗೇ ಅನ್ನಿಸುತ್ತಿತ್ತು. ಮಿಶೆಲ್‌ಳನ್ನು ಪೂರ್ತಿ ನೋಡಿದ ಮೇಲೆ ಅನ್ನಿಸುತ್ತಿಲ್ಲ. ದುಡಿದು ತಿನ್ನುವ ಮನೆಯ ಒಬ್ಬಳು ಹುಡುಗಿಗೆ ಕಷ್ಟ ಬಂದ ದಿನ ಮಾತ್ರವಲ್ಲ, ಅದಾದ ಮೇಲಿನ ಮಂಗಳವಾರಗಳನ್ನೂ ಗುರುವಾರಗಳನ್ನೂ ತೋರಿಸುವಷ್ಟು ಪುರುಸೊತ್ತು ಟೀವಿಯಲ್ಲಿ ಇದ್ದದ್ದು ಈ ಸೀರಿಯಲ್‌ಗಳಿಗೆ ಮಾತ್ರ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಬೇಕು. ನಮ್ಮಲ್ಲಿ ಸೀರಿಯಲ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ದೊಡ್ಡ ಹಜಾರ, ಅದರೊಳಗಿಂದಲೇ ಮೇಲೆ ಹೋಗುವ ಮೆಟ್ಟಿಲು, ಬೆಳಿಗ್ಗೆ ಆರಕ್ಕೇ ರೇಷ್ಮೆ ಸೀರೆ. ಬ್ರಿಟನ್ನಿನ ಸೀರಿಯಲ್ ಹುಟ್ಟಿದ್ದೇ ಇದಕ್ಕೆ ಉಲ್ಟಾ. 1960ರ ಡಿಸೆಂಬರ್ 9ರಂದು ಕಾರೊನೇಷನ್ ಸ್ಟ್ರೀಟ್ ಶುರುವಾದಾಗ ಅದನ್ನು ಬರೆದ ಟೋನಿ ವಾರನ್‌ಗೆ 24 ವರ್ಷ. ಸಾಲ್ಫರ್ಡ್ ಕಡೆಯ ಒಂದು ಬೀದಿ, ಒಂದಕ್ಕೊಂದು ಅಂಟಿಕೊಂಡ ಸಣ್ಣ ಇಟ್ಟಿಗೆ ಮನೆಗಳು, ಮೂಲೆಯಲ್ಲಿ ಪಬ್. ಮೊದಲ ಎಪಿಸೋಡಿನಲ್ಲೇ ಯೂನಿವರ್ಸಿಟಿಗೆ ಹೋಗುವ ಮಗ ಕೆನ್ ಬಾರ್ಲೊ, ಅಪ್ಪ ಊಟಕ್ಕೆ ಬಾಟಲಿಯಿಂದ ಸಾಸ್ ಸುರಿದುಕೊಳ್ಳುವುದನ್ನು ನೋಡಿ ಮುಖ ಸಿಂಡರಿಸುತ್ತಾನೆ. ಓದಿದ ಮಗ, ಓದದ ಅಪ್ಪ, ನಡುವೆ ಒಂದು ಸಾಸ್ ಬಾಟಲಿ. ಬ್ರಿಟನ್ನಿನ ವರ್ಗದ ಜಗಳ ಇಷ್ಟರಲ್ಲೇ ಬಂದುಹೋಯಿತು.

ಈಸ್ಟ್‌ಎಂಡರ್ಸ್ ಕಟ್ಟಿದವರು ಜೂಲಿಯಾ ಸ್ಮಿತ್ ಮತ್ತು ಟೋನಿ ಹಾಲೆಂಡ್. ಹಾಲೆಂಡ್ ಅವರ ಬಂಧು ಬಳಗ ಲಂಡನ್ನಿನ ಪೂರ್ವ ಭಾಗದವರೇ. ಲೂ ಅನ್ನುವ ದೊಡ್ಡಮ್ಮ, ಅವರ ಮಕ್ಕಳು ಪೀಟ್ ಮತ್ತು ಪಾಲಿನ್, ಮನೆತನದ ಹೆಸರು ಬೀಲ್. ಇವರನ್ನೆಲ್ಲ ಹೆಸರು ಸಮೇತ ಸೀರಿಯಲ್‌ಗೆ ಎತ್ತಿಕೊಂಡು ಬಂದರು. ಆಲ್ಬರ್ಟ್ ಸ್ಕ್ವೇರ್ ಅನ್ನುವ ಸೆಟ್ಟನ್ನು ಹ್ಯಾಕ್ನಿಯ ಫ್ಯಾಸೆಟ್ ಸ್ಕ್ವೇರ್ ನೋಡಿಕೊಂಡು ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಕಟ್ಟಿದರು. ಮಿಶೆಲ್ ಈ ಲೂ ಅಜ್ಜಿಯ ಮೊಮ್ಮಗಳು, ಪಾಲಿನ್‌ಳ ಮಗಳು. ಸೂಸನ್ ಟಲ್ಲಿ ನಟನೆ ಕಲಿತದ್ದು ಇಸ್ಲಿಂಗ್ಟನ್‌ನಲ್ಲಿ ಆನಾ ಷೇರ್ ನಡೆಸುತ್ತಿದ್ದ ತರಗತಿಗಳಲ್ಲಿ. ಅಲ್ಲಿ ಸುತ್ತಮುತ್ತಲಿನ ಸಾಮಾನ್ಯರ ಮಕ್ಕಳು ಕಲಿಯುತ್ತಿದ್ದರು, ತಮ್ಮ ಉಚ್ಚಾರಣೆ ಬದಲಿಸಿಕೊಳ್ಳದೆಯೇ. ಸೀರಿಯಲ್ ಶುರುವಾದಾಗ ಟಲ್ಲಿಗೆ 17. ಪಾತ್ರಕ್ಕೂ ಅವರಿಗೂ ಒಂದೆರಡು ವರ್ಷದ ಅಂತರ ಅಷ್ಟೇ.

ಇನ್ನು ಫೌಲರ್ ಮನೆ. 45ನೇ ನಂಬರ್. ಅಪ್ಪ ಆರ್ಥರ್‌ಗೆ ಕೆಲಸ ಇಲ್ಲ. ಆಗ ಬ್ರಿಟನ್ನಿನಲ್ಲಿ ಕೆಲಸ ಇಲ್ಲದವರು 30 ಲಕ್ಷಕ್ಕೂ ಜಾಸ್ತಿ, ಆರ್ಥರ್ ಅವರಲ್ಲಿ ಒಬ್ಬ. ಅಮ್ಮ ಪಾಲಿನ್ ದುಡಿಯುವುದು ಲಾಂಡ್ರೆಟ್‌ನಲ್ಲಿ, ಅಂದರೆ ಜನ ಬಟ್ಟೆ ತಂದು ಕಾಸು ಹಾಕಿ ಮಷೀನಿನಲ್ಲಿ ಒಗೆದುಕೊಂಡು ಹೋಗುವ ಅಂಗಡಿ. ಎಲ್ಲರ ಮೇಲೂ ಲೂ ಅಜ್ಜಿಯ ದರ್ಬಾರು. ಸೀರಿಯಲ್ ಶುರುವಾಗುವ ಹೊತ್ತಿಗೆ ಪಾಲಿನ್ ತಾನೇ ಬಸುರಿ, ವಯಸ್ಸು ನಲವತ್ತು ದಾಟಿದೆ, ಅಜ್ಜಿಗೆ ಅದೇ ದೊಡ್ಡ ಅವಮಾನ. ಆ ಬೇಸಿಗೆಯಲ್ಲಿ ಮಾರ್ಟಿನ್ ಹುಟ್ಟಿದ. ತಮ್ಮನ ತೊಟ್ಟಿಲು ಇನ್ನೂ ಮನೆಯಲ್ಲಿರುವಾಗಲೇ ಅಕ್ಕ ಬಸುರಿ ಅನ್ನೋದು ಗೊತ್ತಾಗುತ್ತದೆ. ಈ ಮಾರ್ಟಿನ್‌ನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ.

ಅದೇ ಅಕ್ಟೋಬರಿನಲ್ಲಿ ಲಂಡನ್ನಿನ ಇನ್ನೊಂದು ಮೂಲೆಯಲ್ಲಿ ಇಂಥದೇ ವಿಷಯದ ವಾದ ನಡೆದಿತ್ತು. ವಿಕ್ಟೋರಿಯಾ ಗಿಲಿಕ್ ಅನ್ನುವ ತಾಯಿ ಕೋರ್ಟಿಗೆ ಹೋಗಿದ್ದರು. ಹದಿನಾರು ತುಂಬದ ಹುಡುಗಿಗೆ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಡಾಕ್ಟರು ಗರ್ಭ ನಿಲ್ಲದ ಹಾಗೆ ಮಾತ್ರೆ ಕೊಡಬಾರದು ಅನ್ನೋದು ಅವರ ವಾದ. 1984ರ ಡಿಸೆಂಬರಿನಲ್ಲಿ ಮೇಲ್ಮನವಿ ಕೋರ್ಟು ಅವರ ಪರ ನಿಂತಿತು. 1985ರ ಅಕ್ಟೋಬರ್ 17ರಂದು ಹೌಸ್ ಆಫ್ ಲಾರ್ಡ್ಸ್, ಆಗ ಅಲ್ಲಿನ ಎಲ್ಲಕ್ಕಿಂತ ಮೇಲಿನ ಕೋರ್ಟು, 3-2ರಲ್ಲಿ ಅದನ್ನು ತಿರುಗಿಸಿತು. ವಿಷಯ ಅರ್ಥ ಮಾಡಿಕೊಳ್ಳುವಷ್ಟು ತಿಳಿವಳಿಕೆ ಹುಡುಗಿಗೆ ಇದ್ದರೆ ಅವಳ ಒಪ್ಪಿಗೆ ಸಾಕು ಅಂದಿತು. ಇವತ್ತಿಗೂ ಅಲ್ಲಿನ ಡಾಕ್ಟರುಗಳು ಮಕ್ಕಳ ಒಪ್ಪಿಗೆಯ ವಿಷಯ ಬಂದಾಗ ಗಿಲಿಕ್ ಹೆಸರಿನಲ್ಲೇ ಅಳೆಯುತ್ತಾರೆ. ಕೇಸು ಸೋತವರ ಹೆಸರು ಕೇಸು ಗೆದ್ದ ನಿಯಮಕ್ಕೆ ಅಂಟಿಕೊಂಡಿತು ನೋಡಿ. ಮಿಶೆಲ್‌ಗೆ ಹದಿನಾರು ತುಂಬಿತ್ತು, ಹಾಗಾಗಿ ಇದು ನೇರವಾಗಿ ಅವಳ ಕಥೆಯಲ್ಲ. ಆದರೆ ಪ್ರಶ್ನೆ ಅದೇ. ಹುಡುಗಿಯ ಮೈಮೇಲೆ ಯಾರ ಮಾತು ನಡೆಯಬೇಕು? ಲಾರ್ಡ್‌ಗಳು ಅದನ್ನು ಐದು ಜನ ಕೂತು ತೀರ್ಮಾನಿಸಿದರು. ಟೀವಿಯಲ್ಲಿ ಅದು ಕಾಲುವೆ ಪಕ್ಕ ತೀರ್ಮಾನವಾಯಿತು, ಸಂಜೆ ಏಳೂವರೆಗೆ, ಅವಳ ಓರಗೆಯ ಮಕ್ಕಳು ಅಪ್ಪ ಅಮ್ಮನ ಪಕ್ಕದಲ್ಲೇ ಕೂತು ನೋಡುತ್ತಿರುವಾಗ. ಮಕ್ಕಳಿಗೆ ಸಲ್ಲದ್ದನ್ನು ರಾತ್ರಿ ಒಂಬತ್ತರ ಮೇಲೆ ತೋರಿಸಬೇಕು ಅನ್ನುವ ಕಟ್ಟುಪಾಡು ಅಲ್ಲಿದೆ. ಟೀವಿ ನಮ್ಮ ಮಕ್ಕಳನ್ನು ಹಾಳು ಮಾಡುತ್ತಿದೆ ಅಂತ ದಶಕಗಟ್ಟಲೆ ದೂರಿದ ಮೇರಿ ವೈಟ್‌ಹೌಸ್ ಈಸ್ಟ್‌ಎಂಡರ್ಸ್ ಮೇಲೂ ಹರಿಹಾಯ್ದರು.

ಕಥೆ ಅಲ್ಲಿಗೇ ನಿಂತಿದ್ದರೆ ಮಿಶೆಲ್ ಒಂದು ಪ್ರಕರಣ ಆಗಿ ಉಳಿಯುತ್ತಿದ್ದಳು. ನಿಲ್ಲಲಿಲ್ಲ. 1986ರ ಮೇ ತಿಂಗಳಲ್ಲಿ ವಿಕಿ ಹುಟ್ಟಿದಳು. ಲಾಫ್ಟಿ ಅನ್ನುವ ಪಾಪದ ಮನುಷ್ಯ ಮಗುವಿನ ಸಮೇತ ಮಿಶೆಲ್‌ಳನ್ನು ಮದುವೆಯಾಗುತ್ತೇನೆ ಅಂದ. ಸೆಪ್ಟೆಂಬರಿನಲ್ಲಿ ಮದುವೆ. ಕೆಲಸ ಇಲ್ಲದ ಆರ್ಥರ್‌ಗೆ ಮಗಳ ಮದುವೆಯನ್ನು ನಾಲ್ಕು ಜನ ಮೆಚ್ಚುವ ಹಾಗೆ ಮಾಡುವ ಆಸೆ. ಕೈಯಲ್ಲಿ ಕಾಸಿಲ್ಲ, ಆದರೆ ಕ್ರಿಸ್‌ಮಸ್ ಕ್ಲಬ್ಬಿನ ದುಡ್ಡಿದೆ. ಕ್ರಿಸ್‌ಮಸ್ ಕ್ಲಬ್ ಅಂದರೆ ಹೆಚ್ಚು ಕಡಿಮೆ ನಮ್ಮ ಹಬ್ಬದ ಚೀಟಿಯೇ. ಅಕ್ಕಪಕ್ಕದವರು ವಾರವಾರ ಒಂದಿಷ್ಟು ಕಟ್ಟುತ್ತಾರೆ, ಹಬ್ಬದ ಹೊತ್ತಿಗೆ ಇಡಿಗಂಟು ಕೈಗೆ ಬರುತ್ತದೆ. ಚೀಟಿ ಹಿಡಿದವನ ಮೇಲೆ ಎಲ್ಲರ ನಂಬಿಕೆ. ಆರ್ಥರ್ ಅದನ್ನೇ ಮುರಿದು ಮದುವೆಗೆ ಸುರಿದ. ಮದುವೆ ದಿನ ಮಗಳು ಚರ್ಚಿನಲ್ಲಿ ಲಾಫ್ಟಿಯನ್ನು ನಿಲ್ಲಿಸಿ ವಾಪಸ್ ಬಂದುಬಿಟ್ಟಳು. ದುಡ್ಡೂ ಹೋಯಿತು, ಮಾನವೂ ಹೋಯಿತು. ಮನೆಗೆ ಕಳ್ಳರು ಬಂದಿದ್ದರು ಅಂತ ಆರ್ಥರ್ ನಾಟಕ ಆಡಿದ, ಸಿಕ್ಕಿಬಿದ್ದ, ತಲೆ ಕೆಟ್ಟು 1987ರ ಹೊಸ ವರ್ಷಕ್ಕೆ ತನ್ನದೇ ಮನೆಯ ನಡುಮನೆಯನ್ನು ಒಡೆದು ಪುಡಿ ಮಾಡಿದ, ಆಸ್ಪತ್ರೆ ಸೇರಿದ, ಆಮೇಲೆ ಜೈಲಿಗೂ ಹೋಗಿ ಬಂದ.

ಇದನ್ನು ಇಷ್ಟುದ್ದ ಹೇಳಿದ್ದಕ್ಕೆ ಕಾರಣ ಇದೆ. ಹದಿಹರೆಯದ ಬಸಿರು ಅನ್ನೋದನ್ನು ನಾವು ಶೀಲದ ಕಥೆಯಾಗಿ ನೋಡಿ ಅಭ್ಯಾಸ. ಇಲ್ಲಿ ಅದು ದುಡ್ಡಿನ ಕಥೆಯೂ ಹೌದು. ಮಗು ಹುಟ್ಟಿದ್ದರಿಂದ ಫೌಲರ್ ಮನೆ ಮುಳುಗಲಿಲ್ಲ. ಕೆಲಸ ಹೋಗಿದ್ದರಿಂದ, ಬಡತನವನ್ನು ನೆರೆಯವರ ಕಣ್ಣಿಗೆ ಬೀಳದ ಹಾಗೆ ಮುಚ್ಚಿಡಬೇಕು ಅನ್ನುವ ಹಟದಿಂದ ಮುಳುಗಿತು. ಅದೇ 1986ರ ಕ್ರಿಸ್‌ಮಸ್ ದಿನ ಡೆನ್ ತನ್ನ ಹೆಂಡತಿ ಆಂಜಿ ಕೈಗೆ ಡೈವೋರ್ಸ್ ಕಾಗದ ಇಟ್ಟ ಎಪಿಸೋಡನ್ನು ಮರುಪ್ರಸಾರವೂ ಸೇರಿ 3 ಕೋಟಿಗೂ ಜಾಸ್ತಿ ಜನ ನೋಡಿದರು. ಆಗ ಇಡೀ ದೇಶದಲ್ಲಿ ಇದ್ದದ್ದು 6 ಕೋಟಿಗಿಂತ ಕಡಿಮೆ ಜನ.

ಮಿಶೆಲ್ ಆಮೇಲೆ ಲಾಫ್ಟಿಯನ್ನು ಸದ್ದಿಲ್ಲದೆ ಮದುವೆಯಾದಳು. ಅವನ ಮಗು ಹೊಟ್ಟೆಯಲ್ಲಿ ನಿಂತಾಗ ಬೇಡ ಅಂತ ತೆಗೆಸಿದಳು. ಮದುವೆ ಮುರಿಯಿತು. ಮದುವೆಯಾದ ಗಂಡಸಿನ ಹಿಂದೆ ಬಿದ್ದಳು, ಬುದ್ಧಿ ಕಲಿತಳು, ಮತ್ತೆ ಮರೆತಳು. ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಓದಲು ಹೋದಳು. ಅಮ್ಮನ ಜೊತೆ ಜಗಳ, ಶ್ಯಾರನ್ ಜೊತೆ ಜಗಳ ಮತ್ತು ರಾಜಿ. ಅವಳು ಯಾವಾಗಲೂ ಒಳ್ಳೆಯವಳಾಗಿರಲಿಲ್ಲ, ಎಷ್ಟೋ ಸಲ ತಲೆ ಚಚ್ಚಿಕೊಳ್ಳುವ ಹಾಗೆ ಮಾಡುತ್ತಿದ್ದಳು. 1995ರಲ್ಲಿ ಅಮೆರಿಕದ ಅಲಬಾಮಕ್ಕೆ ಹೊರಟಾಗ ಹೊಟ್ಟೆಯಲ್ಲಿ ಇನ್ನೊಂದು ಮಗು, ಈ ಸಲ ಶ್ಯಾರನ್‌ನ ಮಾಜಿ ಗಂಡ ಗ್ರಾಂಟ್‌ನಿಂದ. ಹೌದು, ಗೆಳತಿಯ ಅಪ್ಪ ಆಯಿತು, ಆಮೇಲೆ ಗೆಳತಿಯ ಗಂಡ. ಸೀರಿಯಲ್ ಅಲ್ವಾ! ಆದರೆ ಹತ್ತು ವರ್ಷದಲ್ಲಿ ಅವಳ ಗುರುತು ಬರೀ ಹದಿಹರೆಯದ ತಾಯಿ ಅಂತ ಉಳಿಯಲಿಲ್ಲ.

ಈ ಹತ್ತು ವರ್ಷದಲ್ಲೇ ಹೊರಗೆ ಏನಾಗುತ್ತಿತ್ತು ನೋಡಿ. 1992ರಲ್ಲಿ ಕನ್ಸರ್ವೇಟಿವ್ ಪಕ್ಷದ ಸಮಾವೇಶದಲ್ಲಿ ಮಂತ್ರಿ ಪೀಟರ್ ಲಿಲಿ ಹಾಡಿನ ಧಾಟಿಯಲ್ಲಿ ಒಂದು ಪಟ್ಟಿ ಓದಿದರು. ಸರ್ಕಾರಿ ಮನೆಯ ಸರದಿಯಲ್ಲಿ ಮುಂದೆ ಹೋಗೋಕೆ ಅಂತಲೇ ಬಸುರಾಗುವ ಹುಡುಗಿಯರು ಆ ಪಟ್ಟಿಯಲ್ಲಿದ್ದರು. ಸಭೆ ನಕ್ಕಿತು. ಮರುವರ್ಷ ಅದೇ ಸರ್ಕಾರದ ಇನ್ನೊಬ್ಬ ಮಂತ್ರಿ ಜಾನ್ ರೆಡ್‌ವುಡ್ ಕಾರ್ಡಿಫ್‌ನ ಸೇಂಟ್ ಮೆಲನ್ಸ್ ಬಡಾವಣೆಗೆ ಹೋಗಿಬಂದು ಒಂಟಿ ತಾಯಂದಿರ ಮೇಲೆ ಹರಿಹಾಯ್ದರು. ವೇದಿಕೆಯ ಮೇಲಿನಿಂದ ಇಂಥ ಹುಡುಗಿ ಕಾಣುತ್ತಿದ್ದದ್ದು ಪಟ್ಟಿಯಲ್ಲಿನ ಒಂದು ಸಾಲಾಗಿ. ಅದೇ ವಾರಗಳಲ್ಲಿ ಟೀವಿಯಲ್ಲಿ ಮಿಶೆಲ್ ಆರೇಳು ವರ್ಷದ ಮಗಳನ್ನು ಕಟ್ಟಿಕೊಂಡು ಓದು, ದುಡಿಮೆ, ಬಾಡಿಗೆ ಅಂತ ಒದ್ದಾಡುತ್ತಿದ್ದಳು.

ಆಮೇಲೆ ಗಾಳಿ ಬದಲಾಯಿತು. 2003ರಲ್ಲಿ ಬಿಬಿಸಿಯಲ್ಲೇ ಲಿಟಲ್ ಬ್ರಿಟನ್ ಅನ್ನುವ ಕಾಮಿಡಿ ಬಂತು. ಅದರಲ್ಲಿ ವಿಕಿ ಪೋಲಾರ್ಡ್ ಅನ್ನುವ ಹುಡುಗಿ, ಟ್ರ್ಯಾಕ್‌ಸೂಟು, ಅರ್ಥವಾಗದ ವಟವಟ, ಪಾಪ್ ಸಿ.ಡಿ. ಒಂದಕ್ಕೆ ಮಗುವನ್ನು ಬದಲು ಕೊಟ್ಟುಬಿಟ್ಟೆ ಅನ್ನುವಷ್ಟು ಬೇಜವಾಬ್ದಾರಿ. ಆಡಿದವರು ಮ್ಯಾಟ್ ಲೂಕಸ್, ಗಂಡಸು, ಫೀಸು ಕಟ್ಟಿ ಓದುವ ಶಾಲೆಯಲ್ಲಿ ಕಲಿತವರು. ನಗು ಬರುತ್ತದೆ, ಸುಳ್ಳು ಹೇಳುವುದಿಲ್ಲ, ನಾನೂ ನಕ್ಕಿದ್ದೇನೆ. ಆದರೆ ಆ ಹುಡುಗಿಗೆ ಮನೆ ಇರಲಿಲ್ಲ, ಅಡುಗೆಮನೆ ಇರಲಿಲ್ಲ, ಕೆಲಸ ಹೋದ ಅಪ್ಪ ಇರಲಿಲ್ಲ. ಎರಡು ನಿಮಿಷ ಬರುತ್ತಾಳೆ, ಹೋಗುತ್ತಾಳೆ. ಜನ ನಗುತ್ತಿದ್ದ ಹೊತ್ತಿಗೆ ನಿಜವಾದ ಸಂಖ್ಯೆ ಇಳಿಯುತ್ತಿತ್ತು ಅನ್ನೋದು ಇನ್ನೊಂದು ತಮಾಷೆ. ಇಂಗ್ಲೆಂಡಿನಲ್ಲಿ 1998ರಲ್ಲಿ 15ರಿಂದ 17 ವಯಸ್ಸಿನ ಸಾವಿರ ಹುಡುಗಿಯರಲ್ಲಿ ಸುಮಾರು 47 ಮಂದಿ ಬಸುರಾಗುತ್ತಿದ್ದರು. ಮರುವರ್ಷ ಸರ್ಕಾರ ಇದಕ್ಕೆಂದೇ ದೊಡ್ಡ ಯೋಜನೆ ಹಾಕಿಕೊಂಡಿತು. ಶಾಲೆಯಲ್ಲಿ ಪಾಠ, ಹುಡುಗ ಹುಡುಗಿಯರಿಗೆ ಸುಲಭವಾಗಿ ಸಿಗುವ ಕ್ಲಿನಿಕ್ಕು. 2020ರ ಹೊತ್ತಿಗೆ ಅದು ಸುಮಾರು 13ಕ್ಕೆ ಇಳಿಯಿತು.

ಸೀರಿಯಲ್‌ಗಳು ಮಾತ್ರ ಹುಡುಗಿಯರನ್ನು ಬಸುರು ಮಾಡುವುದನ್ನು ಬಿಡಲಿಲ್ಲ. ಇದು ನನ್ನ ದೊಡ್ಡ ತಕರಾರು. 2000ದಲ್ಲಿ ಕಾರೊನೇಷನ್ ಸ್ಟ್ರೀಟ್‌ನ ಸೇರಾ ಪ್ಲಾಟ್, ವಯಸ್ಸು 13. 2012ರಲ್ಲಿ ಈಸ್ಟ್‌ಎಂಡರ್ಸ್‌ನ ಲೋಲಾ ಪಿಯರ್ಸ್. ತಾತ ಬಿಲ್ಲಿ ಒಲಿಂಪಿಕ್ ಜ್ಯೋತಿ ಹಿಡಿದು ಬೀದಿಯಲ್ಲಿ ಓಡುವ ರಾತ್ರಿ, ಅವಳು ಕರಿದ ಕೋಳಿ ಮಾರುವ ಅಂಗಡಿಯೊಳಗೆ ಹೆತ್ತಳು. 2023ರಲ್ಲಿ ಲಿಲಿ ಸ್ಲೇಟರ್, ವಯಸ್ಸು 12. ವಯಸ್ಸು ಇಳಿದಷ್ಟೂ ಸುದ್ದಿ ದೊಡ್ಡದು. ದುಡಿಯುವವರ ಮನೆಯ ಹುಡುಗಿಗೆ ಬೇರೆ ಕಥೆಯೇ ಇಲ್ಲವಾ? ಗಣಿತದಲ್ಲಿ ಫೇಲಾದ ಕಥೆ, ಶನಿವಾರ ಅಂಗಡಿ ಕೆಲಸಕ್ಕೆ ಹೋಗುವ ಕಥೆ, ಸುಮ್ನೆ ಯಾರನ್ನೋ ಇಷ್ಟಪಟ್ಟು ಬಿಟ್ಟ ಕಥೆ? ಇವೂ ಬರುತ್ತವೆ, ಆದರೆ ಪೇಪರಿನವರು ಬರೆಯುವುದು ಅವುಗಳ ಬಗ್ಗೆ ಅಲ್ಲ.

ಲಿಲಿಯ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬ್ರಿಟನ್ನಿನಲ್ಲಿ ಬೆಲೆ ಏರಿಕೆ 2022ರ ಅಕ್ಟೋಬರಿನಲ್ಲಿ ಶೇ 11.1 ಮುಟ್ಟಿತ್ತು. ಲಿಲಿಯ ಅಮ್ಮ ಸ್ಟೇಸಿಗೆ ಬ್ರೆಡ್ಡಿನೊಳಗೆ ಮಾಂಸ ಇಟ್ಟು ಕೊಡುವ ಗಾಡಿ ವ್ಯಾಪಾರ, ಬಿಲ್ಲು ಕಟ್ಟಲು ಅದು ಸಾಲುವುದಿಲ್ಲ. ಮಗಳು ಬಸುರಿ ಅನ್ನೋದು 2023ರ ಜನವರಿಯಲ್ಲಿ ಗೊತ್ತಾಗುತ್ತದೆ. ಹುಡುಗನಿಗೂ 12, ಹೆಸರು ರಿಕಿ. ಇಂಗ್ಲೆಂಡಿನಲ್ಲಿ 2003ರ ಕಾನೂನಿನ ಪ್ರಕಾರ 13 ತುಂಬದ ಮಗುವಿನ ಒಪ್ಪಿಗೆಗೆ ಬೆಲೆಯೇ ಇಲ್ಲ, ಹತ್ತು ತುಂಬಿದ ಮಗುವಿನ ಮೇಲೆ ಕೇಸು ಹಾಕಬಹುದು. ಹಾಗಾಗಿ ಬಾಗಿಲಿಗೆ ಬರುವುದು ನೆಂಟರಲ್ಲ, ಮಕ್ಕಳ ರಕ್ಷಣೆಯ ಅಧಿಕಾರಿಗಳು, ಪೊಲೀಸರು. ಮಿಶೆಲ್ ಕಾಲದಲ್ಲಿ ಮಾತು ಒಂದು ಕಾಲುವೆ ದಂಡೆಯಲ್ಲಿ ಮುಗಿದಿತ್ತು. ಇಲ್ಲಿ ಎಲ್ಲಕ್ಕೂ ಒಂದು ಫೈಲು. ಸ್ಟೇಸಿ ದುಡ್ಡಿಗಾಗಿ ವೆಬ್‌ಕ್ಯಾಮ್ ಮುಂದೆ ಕೂರುತ್ತಾಳೆ, ಅದರ ಹಿಂದೆ ಬಿದ್ದು ಕಾಡುವವನು ಲಿಲಿಗೆ ಪಾಠ ಹೇಳಿಕೊಡುವ ಮೇಷ್ಟ್ರೇ. ಮನೆಯ ಬಡತನವನ್ನು ತೋರಿಸಿದ ರೀತಿ ನನಗೆ ಹಿಡಿಸಿತು. ಆದರೆ ಕಥೆ ಹೋಗ್ತಾ ಹೋಗ್ತಾ ಅಮ್ಮನದ್ದಾಯಿತು. ಲಿಲಿ ತನ್ನ ಬದುಕಿನ ಮೂಲೆಯಲ್ಲಿ ಕೂತ ಹಾಗೆ ಕಂಡಳು. ಹನ್ನೆರಡರ ಮಗುವಿಗೆ ಕಾಲುವೆ ಪಕ್ಕದ ಮಾತು ಕೊಡಲು ಆಗುವುದಿಲ್ಲ ಅನ್ನೋದು ನಿಜ. ಅಷ್ಟು ಚಿಕ್ಕ ವಯಸ್ಸನ್ನು ಆರಿಸಿಕೊಂಡದ್ದು ಬರೆದವರೇ ತಾನೇ?

ಈ ಲಿಲಿಯನ್ನು ಮಗಳ ಹಾಗೆ ಸಾಕಿದವನು ಮಾರ್ಟಿನ್ ಫೌಲರ್. ಅದೇ ಮಾರ್ಟಿನ್, 1985ರಲ್ಲಿ ತೊಟ್ಟಿಲಲ್ಲಿದ್ದ ಮಿಶೆಲ್‌ನ ತಮ್ಮ. ತನಗೆ ನೆನಪೇ ಇಲ್ಲದ ವಯಸ್ಸಿನಲ್ಲಿ ತನ್ನ ಮನೆಯಲ್ಲಿ ಆದದ್ದನ್ನು ಅವನು ಮೂವತ್ತೇಳರಲ್ಲಿ ಇನ್ನೊಂದು ಮನೆಯಲ್ಲಿ ನೋಡುತ್ತಾನೆ. ಇದನ್ನು ಯಾವ ಬರಹಗಾರನೂ ಮೊದಲೇ ಕೂತು ಯೋಜನೆ ಹಾಕಿರಲಾರ. ವಾರವಾರ ಬರೆಯುತ್ತಾ ಹೋದರೆ ಹೀಗೆ ತಾನಾಗಿ ಹೆಣೆದುಕೊಳ್ಳುತ್ತದೆ.

ಡೆನ್ ವಿಷಯವನ್ನೂ ಹೇಳಿಬಿಡುತ್ತೇನೆ. 1985ರಲ್ಲಿ ಪೇಪರುಗಳು ಅವನನ್ನು ಡರ್ಟಿ ಡೆನ್ ಅಂತ ಕರೆದವು. ಬೈಗುಳದಲ್ಲೇ ಒಂದು ಮುದ್ದು ಇತ್ತು, ಆ ಪಾತ್ರ ಮಾಡಿದ ಲೆಸ್ಲಿ ಗ್ರಾಂಥಮ್‌ಗೆ ಅಭಿಮಾನಿಗಳ ರಾಶಿ. ಇವತ್ತು ಅದೇ ಕಥೆ ಬಂದರೆ ನಡುವಯಸ್ಸಿನವನು ಮಗಳ ಗೆಳತಿಯನ್ನು ಬಳಸಿಕೊಂಡ ಅಂತಲೇ ಎಲ್ಲರೂ ಹೇಳುತ್ತಾರೆ. 2008ರಲ್ಲಿ ಈಸ್ಟ್‌ಎಂಡರ್ಸ್ ತಾನೇ ವಿಟ್ನಿ ಡೀನ್ ಅನ್ನುವ ಹುಡುಗಿಯ ಕಥೆ ತಂದಾಗ ಯಾವ ಮುದ್ದೂ ಇರಲಿಲ್ಲ. ಅವಳನ್ನು ಬೆಳೆಸಿದವಳ ಜೊತೆಗಿದ್ದ ಟೋನಿ, ಅವಳಿಗೆ ಹನ್ನೆರಡು ಇದ್ದಾಗಿನಿಂದ ಅವಳನ್ನು ಪಳಗಿಸಿದ್ದ, ಇದು ಪ್ರೀತಿ ಅಂತ ಅವಳನ್ನೇ ನಂಬಿಸಿದ್ದ. ಅದು ಅಪರಾಧ ಅಂತ ನೇರವಾಗಿ ತೋರಿಸಿದರು. ವಿಟ್ನಿ 2024ರವರೆಗೆ ಆ ಬೀದಿಯಲ್ಲೇ ಇದ್ದಳು, ಹದಿನಾರು ವರ್ಷ. ಇನ್ನು 2016ರಲ್ಲಿ ಮಿಶೆಲ್‌ಳನ್ನೇ ವಾಪಸ್ ತಂದರು, ಬೇರೆ ನಟಿ, ಜೆನ್ನಾ ರಸೆಲ್. ಈಗ ಅವಳು ಟೀಚರು, ಹದಿನೇಳರ ವಿದ್ಯಾರ್ಥಿಯೊಬ್ಬನ ಜೊತೆ ಸಂಬಂಧ. ಡೆನ್ ನಿಂತಿದ್ದ ಜಾಗದಲ್ಲಿ ಈಗ ಅವಳೇ. ಕಾಗದದ ಮೇಲೆ ಒಳ್ಳೆ ಯೋಚನೆ. ತೆರೆಯ ಮೇಲೆ ಅದು ಮಿಶೆಲ್ ಅನ್ನಿಸಲೇ ಇಲ್ಲ. 2018ರಲ್ಲಿ ಮತ್ತೆ ಕಳಿಸಿದರು, ಒಳ್ಳೆಯದೇ ಆಯಿತು.

ಸೀರಿಯಲ್ ಕತ್ತರಿಸುವವರ ಲೆಕ್ಕ ಅರ್ಥವಾಗದ್ದೇನೂ ಅಲ್ಲ. ಜನ ಹೊತ್ತು ನೋಡಿಕೊಂಡು ಟೀವಿ ಮುಂದೆ ಕೂರುವುದನ್ನು ಬಿಟ್ಟಿದ್ದಾರೆ, ಹುಡುಗರಂತೂ ಫೋನಿನಲ್ಲಿ. ಜಾಹೀರಾತಿನ ದುಡ್ಡು ಆ ಕಡೆಗೇ ಹೋಗಿದೆ. ಉಳಿದ ದುಡ್ಡನ್ನು ನಾಲ್ಕೋ ಆರೋ ಕಂತಿನ ದೊಡ್ಡ ಡ್ರಾಮಾಗೆ ಹಾಕಿದರೆ ಹೊರದೇಶಕ್ಕೂ ಮಾರಬಹುದು, ಪ್ರಶಸ್ತಿಯೂ ಬರುತ್ತದೆ. ಆದರೆ ಸೀರಿಯಲ್ ಜೊತೆಗೆ ಹೋಗುವುದು ಕಥೆ ಮಾತ್ರ ಅಲ್ಲ, ಕೆಲಸ ಕಲಿಯುವ ಜಾಗವೂ ಹೌದು. ಡಾಕ್ಟರ್ಸ್‌ನಲ್ಲಿ ಮೊದಲ ಸಲ ಬರೆದವರು, ಮೊದಲ ಸಲ ನಿರ್ದೇಶಿಸಿದವರು ಲೆಕ್ಕವಿಲ್ಲದಷ್ಟು. ಸೂಸನ್ ಟಲ್ಲಿಯೇ ನಟನೆ ಬಿಟ್ಟು ನಿರ್ದೇಶಕಿ ಆದರು. 2022ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಬ್ರಿಟನ್ನಿನ ನಟರು, ಸಂಗೀತಗಾರರು, ಬರಹಗಾರರ ಪೈಕಿ 1953ರಿಂದ 1962ರ ನಡುವೆ ಹುಟ್ಟಿದವರಲ್ಲಿ ಶೇ 16.4 ಮಂದಿ ದುಡಿಯುವ ವರ್ಗದವರು. ನಾಲ್ಕು ದಶಕದ ನಂತರ ಹುಟ್ಟಿದವರಲ್ಲಿ ಶೇ 7.9. ನಾಟಕಕಾರ ಜೇಮ್ಸ್ ಗ್ರಹಾಂ 2024ರಲ್ಲಿ ಎಡಿನ್‌ಬರೋ ಟೀವಿ ಉತ್ಸವದ ಭಾಷಣದಲ್ಲಿ ಇದನ್ನೇ ಎತ್ತಿ ಆಡಿದರು. ಇಂಥ ಮನೆಯಲ್ಲಿ ಬೆಳೆದವರು ಬರೆಯುವ ಕೋಣೆಯಲ್ಲೇ ಇಲ್ಲದಿದ್ದರೆ ಕ್ರಿಸ್‌ಮಸ್ ಕ್ಲಬ್ಬಿನ ದುಡ್ಡು ಯಾರಿಗೆ ಹೊಳೆಯುತ್ತದೆ?

ಚಿಕ್ಕ ಡ್ರಾಮಾಗಳು ಕೆಟ್ಟವು ಅಂತಲ್ಲ. 2025ರ ಮಾರ್ಚಿನಲ್ಲಿ ಬಂದ ಅಡೊಲೆಸೆನ್ಸ್ ನಾಲ್ಕೇ ಕಂತು, ಪ್ರತಿ ಕಂತೂ ನಿಲ್ಲದ ಒಂದೇ ಶಾಟ್. ಪ್ಲಂಬರ್ ಅಪ್ಪ, 13ರ ಮಗ ಜೇಮಿ, ಶಾಲೆಯ ಹುಡುಗಿಯೊಬ್ಬಳ ಕೊಲೆ. ಜೇಮಿಯಾಗಿ ನಟಿಸಿದ ಓವೆನ್ ಕೂಪರ್ ವಾರಿಂಗ್ಟನ್‌ನ ಹುಡುಗ, ಅವನಿಗೆ ಅದೇ ಮೊದಲ ಪಾತ್ರ, 15ಕ್ಕೇ ಎಮ್ಮಿ ಪ್ರಶಸ್ತಿ ಗೆದ್ದ. ಅದನ್ನು ನೋಡಿ ನಾನು ಎರಡು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಆದರೆ ನಾಲ್ಕು ಗಂಟೆಗೆ ಅದು ಮುಗಿಯಿತು. ಜೇಮಿಗೆ ಹದಿನೆಂಟಾಗುವುದನ್ನು ಯಾರೂ ನೋಡುವುದಿಲ್ಲ. ಅವನ ಅಕ್ಕ ಮುಂದೆ ಯಾವ ಊರಲ್ಲಿ ಕೆಲಸ ಹುಡುಕಿದಳು, ತನ್ನ ಹೆಸರು ಹೇಳಿಕೊಂಡಳಾ ಇಲ್ಲವಾ ಅನ್ನೋದು ಗೊತ್ತಾಗುವುದಿಲ್ಲ.

2025ರ ಫೆಬ್ರವರಿಯಲ್ಲಿ ಈಸ್ಟ್‌ಎಂಡರ್ಸ್‌ಗೆ ನಲವತ್ತು ತುಂಬಿತು. ಅದಕ್ಕೆ ಮಾಡಿದ ನೇರ ಪ್ರಸಾರದ ಎಪಿಸೋಡಿನಲ್ಲಿ ಮಾರ್ಟಿನ್ ಸತ್ತ, ಕ್ವೀನ್ ವಿಕ್ ಪಬ್ಬಿನ ಅವಶೇಷದ ಅಡಿಯಲ್ಲಿ ಸಿಕ್ಕಿ, ಸ್ಟೇಸಿಯ ಕೈ ಹಿಡಿದುಕೊಂಡು. ಅವನ ಮಣ್ಣಿಗೆ ಬಂದವರಲ್ಲಿ ವಿಕಿ ಇದ್ದಳು. ಮಿಶೆಲ್‌ನ ಮಗಳು, ಆಗ ಮೂವತ್ತೆಂಟು. ಆಮೇಲೆ ಅವಳು ವಾಲ್‌ಫರ್ಡ್‌ಗೇ, ಅಂದರೆ ಸೀರಿಯಲ್ ನಡೆಯುವ ಆ ಕಾಲ್ಪನಿಕ ಊರಿಗೇ, ವಾಪಸ್ ಬಂದಳು, ಜೊತೆಗಿರುವ ರಾಸ್ ಮತ್ತು ಅವನ ಮಗ ಜೋಯಲ್ ಸಮೇತ. ಜೋಯಲ್ ಹದಿಹರೆಯದವನು, ಹುಡುಗಿಯರನ್ನು ಕಂಡರೆ ಅವನಿಗೆ ಅಸಹನೆ, ಇಂಟರ್ನೆಟ್ಟಿನಲ್ಲಿ ಅದನ್ನೇ ಕಲಿಸುವವರ ಮಾತು ಅವನ ತಲೆಗೆ ಹೊಕ್ಕಿದೆ. ಜೇಮಿಯ ಕಥೆಯೇ ಇದು, ಬೇರೆ ಮನೆಯಲ್ಲಿ. ಇಲ್ಲಿ ಮಾತ್ರ ನಾಲ್ಕನೇ ಕಂತಿಗೆ ದೀಪ ಆರಿಸಿ ಹೋಗುವ ಹಾಗಿಲ್ಲ. ಸೋಮವಾರ ಏನೇ ಆಗಲಿ, ಮಂಗಳವಾರ ಬೆಳಿಗ್ಗೆ ವಿಕಿ ಅಡುಗೆಮನೆಗೆ ಬಂದು ಚಹಾಕ್ಕೆ ನೀರಿಡಬೇಕು, ಆ ಹುಡುಗನ ಮುಖ ನೋಡಬೇಕು.